ಮಧ್ಯಾಹ್ನದ ಬಿಸಿಲೊಂದನ್ನೇ ಅಳೆದು ಊರು ಆರಿಸುವುದು ತಪ್ಪು

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಪತ್ರಿಕೆಗಳು ಪ್ರಕಟಿಸುವ ಹವಾಮಾನ ಪಟ್ಟಿಯಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಗರಿಷ್ಠ ಉಷ್ಣಾಂಶದ ಕಡೆಗೆ. ಕಲಬುರಗಿ, ರಾಯಚೂರುಗಳು 40 ಡಿಗ್ರಿ ದಾಟಿದ ದಿನವೇ ಹಾಸನ 33 ಅಥವಾ 34ರಲ್ಲಿ ನಿಂತಿರುವುದನ್ನು ಕಂಡು, ನಿವೃತ್ತಿಯ ನಂತರ ನಮ್ಮ ಕಡೆಗೆ ಬಂದು ನೆಲೆಸುವ ಆಸೆಯಿಂದ ನನ್ನನ್ನು ವಿಚಾರಿಸುವ ಹಳೆಯ ಸಹೋದ್ಯೋಗಿಗಳು ಪ್ರತಿ ಏಪ್ರಿಲ್‌ನಲ್ಲೂ ಇದ್ದೇ ಇರುತ್ತಾರೆ. ಬ್ಯಾಂಕ್ ನೌಕರಿಯ ನಿಮಿತ್ತ ಕಲಬುರಗಿಯಲ್ಲಿ ಒಂಬತ್ತು ವರ್ಷ, ಮಂಗಳೂರಿನಲ್ಲಿ ನಾಲ್ಕು ವರ್ಷ ಇದ್ದು ಈಗ ಸ್ವಂತ ಊರಾದ ಹಾಸನದಲ್ಲಿರುವ ನಾನು ಅವರಿಗೆಲ್ಲ ಫೋನಿನಲ್ಲಿ ಹೇಳುತ್ತ ಬಂದ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ: ಒಂದು ಊರಿನ ಹವೆಯನ್ನು ಮಧ್ಯಾಹ್ನದ ಒಂದು ಅಂಕಿಯಿಂದ ತಿಳಿಯಲು ಆಗುವುದಿಲ್ಲ.

ಕಲಬುರಗಿಯ ಬೇಸಿಗೆ ಕಠಿಣವೆಂಬುದರಲ್ಲಿ ಎರಡು ಮಾತಿಲ್ಲ. ಸಂಜೆ ಮಾಳಿಗೆಯ ಮೇಲೆ ಕೊಡಗಟ್ಟಲೆ ನೀರು ಚಿಮುಕಿಸಿದರೆ ಮೂರನೆಯ ಕೊಡ ತರುವಷ್ಟರಲ್ಲಿ ಮೊದಲನೆಯದರ ಗುರುತೂ ಉಳಿಯುತ್ತಿರಲಿಲ್ಲ. ಆದರೆ ಅಲ್ಲಿನದು ಒಣ ಬಿಸಿಲು. ನೆರಳಿಗೆ ಬಂದರೆ, ಮಡಕೆಯ ನೀರು ಕುಡಿದರೆ, ಒದ್ದೆ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡರೆ ದೇಹಕ್ಕೆ ಹಿತವಾಗುತ್ತಿತ್ತು. ಮಂಗಳೂರಿಗೆ ವರ್ಗವಾದಾಗ, ಪಟ್ಟಿಯಲ್ಲಿ ಏಳೆಂಟು ಡಿಗ್ರಿ ಕಡಿಮೆಯಿದೆಯಲ್ಲ ಎಂದು ಸಂತೋಷಪಟ್ಟಿದ್ದೆ. ಅಲ್ಲಿ 33 ಡಿಗ್ರಿಯಲ್ಲಿಯೇ ಬೆಳಿಗ್ಗೆ ಒಂಬತ್ತಕ್ಕೆ ಅಂಗಿ ಬೆನ್ನಿಗೆ ಅಂಟುತ್ತಿತ್ತು. ರಾತ್ರಿ ಫ್ಯಾನಿನ ಕೆಳಗೆ ಮಲಗಿದರೂ ದಿಂಬು ಒದ್ದೆಯಾಗುತ್ತಿತ್ತು. ನಮ್ಮ ಮೈ ತಣಿಯುವುದು ಬೆವರಿನಿಂದಲ್ಲ, ಬೆವರು ಆರುವುದರಿಂದ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರದೆ ಹರಿದುಹೋಗುತ್ತದೆ, ಮೈಯ ಶಾಖ ಮೈಯಲ್ಲೇ ಉಳಿಯುತ್ತದೆ. ಭಾರತೀಯ ಹವಾಮಾನ ಇಲಾಖೆಯು ಬಿಸಿಗಾಳಿಯ ವಿಚಾರದಲ್ಲಿ ಬಯಲಿಗೆ 40, ಕರಾವಳಿಗೆ 37, ಗುಡ್ಡಗಾಡಿಗೆ 30 ಡಿಗ್ರಿ ಎಂದು ಬೇರೆಬೇರೆ ಮಿತಿ ಇಟ್ಟುಕೊಂಡಿದೆ. ಇಲಾಖೆಯೇ ಒಂದೇ ಅಳತೆಗೋಲಿನಿಂದ ಎಲ್ಲ ಊರುಗಳನ್ನು ಅಳೆಯದಿರುವಾಗ ಮನೆ ಕೊಳ್ಳುವವರು ಅಳೆಯುವುದು ಸರಿಯೆ?

ಇನ್ನು ಹಾಸನವನ್ನು 'ಬಡವರ ಊಟಿ' ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಪ್ರೀತಿಯಿಂದ ಕರೆದರೆ ನನಗೂ ಸಂತೋಷವೇ. ನಿವೇಶನ ಮಾರುವವರು ಆ ಹೆಸರನ್ನೇ ಬಂಡವಾಳ ಮಾಡಿಕೊಂಡಾಗ ಮಾತ್ರ ಲೆಕ್ಕ ಹೇಳಲೇಬೇಕಾಗುತ್ತದೆ. ಒಂದು ಕಿಲೋಮೀಟರ್ ಮೇಲಕ್ಕೆ ಹೋದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಊಟಿ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ, ಹಾಸನ 1,000 ಮೀಟರಿಗೂ ಸ್ವಲ್ಪ ಕೆಳಗಿದೆ. ಎರಡರ ನಡುವೆ ಎಂಟು ಡಿಗ್ರಿಯಷ್ಟು ಅಂತರವಿರುವುದು ಸಹಜ. ನಮ್ಮ ಊರಿನ ನಿಜವಾದ ಸೊಗಸು ಮಧ್ಯಾಹ್ನದಲ್ಲಿಲ್ಲ, ರಾತ್ರಿಯಲ್ಲಿದೆ. ಕಲಬುರಗಿಯಲ್ಲಿ ಮೇ ತಿಂಗಳ ರಾತ್ರಿ 26 ಡಿಗ್ರಿಯ ಆಚೀಚೆ ನಿಂತುಬಿಡುತ್ತದೆ. ಕರಾವಳಿಯಲ್ಲೂ ಹಾಗೆಯೇ, ತೇವ ಬೇರೆ. ಹಾಸನದಲ್ಲಿ ಬೆಳಗಿನ ಜಾವಕ್ಕೆ 20ರ ಹತ್ತಿರ ಬರುತ್ತದೆ, ಹೊದಿಕೆ ಎಳೆದುಕೊಳ್ಳುವಂತಾಗುತ್ತದೆ. ರಾತ್ರಿ ಚೆನ್ನಾಗಿ ನಿದ್ದೆ ಬರುವ ಊರಿನಲ್ಲಿ ಹಗಲಿನ ಬಿಸಿಲನ್ನು ವಯಸ್ಸಾದವರೂ ತಡೆದುಕೊಳ್ಳುತ್ತಾರೆ. ಊರು ಆರಿಸುವವರು ಮೊದಲು ನೋಡಬೇಕಾದದ್ದು ಕನಿಷ್ಠ ಉಷ್ಣಾಂಶವನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಿಲ್ಲೆಯ ಹೆಸರನ್ನು ನೋಡಿ ಹವೆ ತಿಳಿಯುವುದೂ ಸಾಧ್ಯವಿಲ್ಲ. ಪಶ್ಚಿಮದ ಸಕಲೇಶಪುರದಿಂದ ಹಾಸನದ ಮೂಲಕ ಪೂರ್ವದ ಅರಸೀಕೆರೆಗೆ ಹೊರಟರೆ ಎರಡು ಗಂಟೆಯ ಹಾದಿಯಲ್ಲಿ ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಮೂರೂ ಸಿಗುತ್ತವೆ. ಘಟ್ಟಕ್ಕೆ ಬಡಿದ ಮುಂಗಾರಿನ ಮೋಡ ಅಲ್ಲಿಯೇ ಬಹುಪಾಲು ಸುರಿದು, ಪೂರ್ವಕ್ಕೆ ಬರುವಷ್ಟರಲ್ಲಿ ಹಗುರವಾಗಿರುತ್ತದೆ. ಸಕಲೇಶಪುರದಲ್ಲಿ ಬೀಳುವ ಮಳೆಯ ಸುಮಾರು ಮೂರನೇ ಒಂದು ಪಾಲಷ್ಟೇ ಅರಸೀಕೆರೆಯ ಪಾಲಿಗೆ ಬರುತ್ತದೆ. ಕಾಫಿ, ಏಲಕ್ಕಿ, ಮೆಣಸು ಹಿಂದೆ ಸರಿದು ಆಲೂಗಡ್ಡೆ, ರಾಗಿ ಕಾಣಿಸಿಕೊಂಡು, ಕೊನೆಗೆ ತೆಂಗಿನ ತೋಟಗಳು ಬರುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದರೂ ಇದು ಅರ್ಥವಾಗುತ್ತದೆ. ಚಿಕ್ಕಮಗಳೂರಿನ ಕಥೆಯೂ ಇದೇ: ಮೂಡಿಗೆರೆ, ಶೃಂಗೇರಿಗಳು ಮಳೆಯಲ್ಲಿ ನೆನೆಯುತ್ತಿರುವಾಗ, ಬಾಬಾ ಬುಡನ್‌ಗಿರಿ ಸಾಲಿನ ಮರೆಯಲ್ಲಿರುವ ಕಡೂರು ಮೋಡ ನೋಡುತ್ತ ಕೂತಿರುತ್ತದೆ.

ಒಂದು ಉದಾಹರಣೆ ಹೇಳಿದರೆ ವಿಷಯ ಇನ್ನೂ ಸ್ಪಷ್ಟವಾಗಬಹುದು. ಕಲಬುರಗಿಯ ನನ್ನ ಸ್ನೇಹಿತರೊಬ್ಬರು ಮೇ ತಿಂಗಳಲ್ಲಿ ಪತ್ನಿಯೊಂದಿಗೆ ಬಂದು ಸಕಲೇಶಪುರದ ಬಳಿ ಒಂದು ಹೆಂಚಿನ ಮನೆ ನೋಡಿ, "ಥಂಡಿ ಭಾಳ ಛಲೋ ಅದರೀ" ಎಂದು ಅಂದೇ ಮುಂಗಡ ಕೊಡಲು ಸಿದ್ಧರಾದರು. ಆ ತಾಯಿಗೆ ಉಬ್ಬಸವಿತ್ತು. ಜುಲೈನಲ್ಲಿ ಇನ್ನೊಮ್ಮೆ ನೋಡದೆ ಹಣ ಕೊಡಬಾರದು ಎಂದು ನಾನು ಹಟ ಹಿಡಿದೆ. ಜುಲೈನಲ್ಲಿ ಹೋದಾಗ ಐದು ದಿನದಿಂದ ಬಿಸಿಲು ಬಿದ್ದಿರಲಿಲ್ಲ. ಬೀರುವಿನ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು; ಒಳಗಿದ್ದ ಚರ್ಮದ ಚಪ್ಪಲಿಯ ಮೇಲೆ ಬೂಷ್ಟು ಬಿಳಿಯ ಬಟ್ಟೆ ಹೊದಿಸಿದಂತೆ ಬೆಳೆದಿತ್ತು; ಡಬ್ಬಿಯ ಉಪ್ಪು ನೀರಾಗಿತ್ತು; ಮನೆಯವರ ಬಟ್ಟೆಗಳು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತ ನೇತಾಡುತ್ತಿದ್ದವು. ಆ ತಾಯಿ ಒಂದು ತಾಸು ಕುಳಿತಿರಲೂ ಕಷ್ಟಪಟ್ಟರು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಮಳೆಗಾಲ ಹಬ್ಬವಿದ್ದಂತೆ, ಅದರೊಡನೆ ಬಾಳುವ ಬಗೆ ಅವರಿಗೆ ಗೊತ್ತು. ಉಬ್ಬಸದವರಿಗೆ ಅದು ವರ್ಷದ ನಾಲ್ಕು ತಿಂಗಳ ಶಿಕ್ಷೆಯಾಗಬಹುದು. ಘಟ್ಟದಂಚಿನ ಇಳಿಜಾರಿನಲ್ಲಿ ಮನೆ ನೋಡುವವರು 2018 ಮತ್ತು 2019ರ ಆಗಸ್ಟ್‌ನಲ್ಲಿ ಶಿರಾಡಿಯಲ್ಲಿ, ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದದ್ದನ್ನೂ ಮರೆಯಬಾರದು. ಸ್ನೇಹಿತರು ಕೊನೆಗೆ ಹಾಸನದಲ್ಲಿಯೇ ಒಂದು ಬಾಡಿಗೆ ಮನೆ ಹಿಡಿದು, ಒಂದು ಪೂರ್ತಿ ವರ್ಷ ಇದ್ದು ನೋಡಿದ ಮೇಲೆ ನಿವೇಶನ ಕೊಂಡರು.

ಮನೆಯ ಮಾತನ್ನೂ ಒಂದಿಷ್ಟು ಹೇಳಬೇಕು. ಹವಾಮಾನ ಕೇಂದ್ರದಲ್ಲಿ ಉಷ್ಣಮಾಪಕವನ್ನು ಇಡುವುದು ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ. ಪತ್ರಿಕೆಯ 34 ಡಿಗ್ರಿ ಆ ಪೆಟ್ಟಿಗೆಯದು. ಮರವಿಲ್ಲದ ಹೊಸ ಬಡಾವಣೆಯಲ್ಲಿ ಪಶ್ಚಿಮದ ಬಿಸಿಲಿಗೆ ಗೋಡೆಯೊಡ್ಡಿ ನಿಂತ ಆರ್‌ಸಿಸಿ ಮನೆಯ ಮೇಲಂತಸ್ತಿನದಲ್ಲ. ತಾರಸಿ ಹಗಲಿಡೀ ಹೀರಿದ ಶಾಖವನ್ನು ರಾತ್ರಿ ಕೋಣೆಯೊಳಕ್ಕೆ ಬಿಡುವುದರಿಂದ ಹಾಸನದ ತಂಪು ರಾತ್ರಿಯೂ ಅಂಥ ಮನೆಯವರಿಗೆ ದಕ್ಕುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯಿಷ್ಟೆ. ಹವಾಮಾನ ಪಟ್ಟಿಯಲ್ಲಿ ಗರಿಷ್ಠ ಉಷ್ಣಾಂಶದಷ್ಟೇ ದಪ್ಪ ಅಕ್ಷರದಲ್ಲಿ ಕನಿಷ್ಠ ಉಷ್ಣಾಂಶವನ್ನೂ ಗಾಳಿಯ ತೇವಾಂಶವನ್ನೂ ಅಚ್ಚು ಮಾಡಿ. ಜೊತೆಗೆ ಆ ದಿನದ ವಾಡಿಕೆಯ ಉಷ್ಣಾಂಶ ಎಷ್ಟೆಂಬುದನ್ನೂ ಕೊಡಿ. ಹವಾಮಾನ ಇಲಾಖೆಯ ಬಳಿ 1991ರಿಂದ 2020ರವರೆಗಿನ 30 ವರ್ಷಗಳ ಸರಾಸರಿ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಹವಾಮಾನ ಯಂತ್ರಗಳನ್ನೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಇಟ್ಟಿರುವುದರಿಂದ, ಹಾಸನ ಮತ್ತು ಚಿಕ್ಕಮಗಳೂರು ಆವೃತ್ತಿಗಳಲ್ಲಿ ವಾರಕ್ಕೊಮ್ಮೆಯಾದರೂ ತಾಲ್ಲೂಕುವಾರು ಅಂಕಿಗಳನ್ನು ಪ್ರಕಟಿಸುವುದು ಸಾಧ್ಯವಿದೆ. ಜೀವಮಾನದ ಉಳಿತಾಯವನ್ನು ಒಂದು ಮನೆಗೆ ಹಾಕುವವರ ಕೈಗೆ ಇಷ್ಟು ಮಾಹಿತಿಯಾದರೂ ಮುಂಗಡ ಕೊಡುವ ಮೊದಲೇ ಸಿಗಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ, ಹಾಸನ