ಪ್ಲಿಮತ್ ಕಥೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮಾ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. 1621ರ ಪ್ಲಿಮತ್ ಅನ್ನುವ ಅಮೆರಿಕದ ಇಂಗ್ಲಿಷ್ ವಲಸಿಗರ ಊರು, ಕೊರೆಯುವ ಚಳಿ, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವರಲ್ಲಿ ಸುಮಾರು ಅರ್ಧ ಜನ ಒಂದೇ ಚಳಿಗಾಲದಲ್ಲಿ ತೀರಿಕೊಂಡ ಸಂಕಟ, ಎಲ್ಲ ಚೆನ್ನಾಗಿ ಬಂದಿದೆ. ನಾನು ಎಡವಿದ್ದು ಆ ನೆಲದ ಮೂಲನಿವಾಸಿ ಸಮೋಸೆಟ್ ಬರುವ ಜಾಗದಲ್ಲಿ. 'ಎಲೈ ದೂರದೇಶದ ಅತಿಥಿಗಳೇ' ಅಂತ ಅವನ ಮಾತು ಶುರುವಾಗುತ್ತದೆ. ಅಲ್ಲಿ ನನಗೆ ನಾಟಕದ ರಾಜ ಕಂಡ, ಸಮೋಸೆಟ್ ಕಾಣಲಿಲ್ಲ.

ಆ ಮಾರ್ಚ್ ತಿಂಗಳ ದಿನ ಏನಾಯಿತು ಅಂತ ಆ ವಲಸಿಗರೇ ಬರೆದಿಟ್ಟಿದ್ದಾರೆ. ಅವನು ಒಬ್ಬನೇ, ಅಳುಕದೆ, ಮನೆಗಳ ಸಾಲಿನ ಪಕ್ಕದಲ್ಲೇ ನಡೆದು ಬಂದ. ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದ. ಆಮೇಲೆ ಬಿಯರ್ ಕೇಳಿದ! ಇವರು ಬೇರೆ ಮದ್ಯ ಕೊಟ್ಟರು. ಜೊತೆಗೆ ಬಿಸ್ಕತ್ತು, ಬೆಣ್ಣೆ, ಚೀಸ್, ಪುಡಿಂಗ್, ಒಂದು ತುಂಡು ಕಾಡು ಬಾತುಕೋಳಿ. ಎಲ್ಲವೂ ಅವನಿಗೆ ಹಿಡಿಸಿತು. ಅವನ ಹರಕು ಮುರುಕು ಇಂಗ್ಲಿಷ್ ಬಂದಿದ್ದು ಎಲ್ಲಿಂದ ಗೊತ್ತಾ? ಈಗಿನ ಮೇನ್ ರಾಜ್ಯದ ಮೊನ್ಹೀಗನ್ ದ್ವೀಪದ ಕಡೆಗೆ ಮೀನು ಹಿಡಿಯಲು ಬರುತ್ತಿದ್ದ ಇಂಗ್ಲಿಷರಿಂದ. ಅಂದರೆ ಅದು ಚರ್ಚಿನ ಇಂಗ್ಲಿಷ್ ಅಲ್ಲ, ದೋಣಿಯ ಇಂಗ್ಲಿಷ್. 'ಬಂದ್ರಾ, ಬನ್ನಿ ಬನ್ನಿ. ಬಿಯರ್ ಇದೆಯಾ?' ಇಷ್ಟೇ ಸಾಕಲ್ವಾ?

ಸ್ವಲ್ಪ ದಿನದಲ್ಲೇ ಟಿಸ್ಕ್ವಾಂಟಮ್ ಅನ್ನುವ ಇನ್ನೊಬ್ಬ ಮೂಲನಿವಾಸಿ ಬರುತ್ತಾನೆ. ಅವನಿಗೂ ಇಂಗ್ಲಿಷ್ ಬರುತ್ತಿತ್ತು, ಆದರೆ ಅದು ಬಂದ ದಾರಿ ಬೇರೆ. 1614ರಲ್ಲಿ ಒಬ್ಬ ಇಂಗ್ಲಿಷ್ ಹಡಗಿನವನು ಅವನನ್ನು ಮೋಸದಿಂದ ಹಿಡಿದು ಸ್ಪೇನಿಗೆ ಮಾರಲು ಒಯ್ದ. ಅಲ್ಲಿಂದ ಲಂಡನ್ ಸೇರಿದ, ಭಾಷೆ ಕಲಿತ. ಕೊನೆಗೆ ಊರಿಗೆ ಮರಳಿದರೆ ಪಟುಕ್ಸೆಟ್‌ನಲ್ಲಿ ಒಬ್ಬರೂ ಇರಲಿಲ್ಲ. ರೋಗಕ್ಕೆ ಇಡೀ ಊರೇ ಖಾಲಿಯಾಗಿತ್ತು. ಪ್ಲಿಮತ್ ಎದ್ದಿದ್ದು ಆ ಖಾಲಿ ಊರಿನ ಮೇಲೆ. ಇವನು ಇಂಗ್ಲಿಷಿನಲ್ಲಿ ಒಂದು ಮಾತಾಡಿದರೂ ಅದರ ಹಿಂದೆ ಇಷ್ಟೆಲ್ಲ ಇದೆ. ನೀನು ಇಬ್ಬರ ಬಾಯಿಗೂ ಒಂದೇ ಕನ್ನಡ ಕೊಟ್ಟಿದ್ದೀಯ. ನನ್ನ ತಕರಾರು ಅದೇ.

ಬಿಳಿಯರ ಮಾತನ್ನೂ ಇನ್ನೊಮ್ಮೆ ನೋಡು. ನಿನ್ನ ಕಥೆಯಲ್ಲಿ ಅವರಿಗೆ ಎಲ್ಲದಕ್ಕೂ ಪದ ಸಿದ್ಧವಾಗಿದೆ. ನಿಜಕ್ಕೂ ಅವರು ಪದಕ್ಕಾಗಿ ತಡಕಾಡುತ್ತಿದ್ದ ಜನ. ಇಂಗ್ಲೆಂಡಿನಲ್ಲಿ ಕಾರ್ನ್ ಅಂದರೆ ಗೋಧಿ, ಬಾರ್ಲಿ, ಹೀಗೆ ಯಾವ ಧಾನ್ಯವಾದರೂ ಸರಿ. ಇಲ್ಲಿ ಕಂಡ ತೆನೆಗೆ ಇಂಡಿಯನ್ ಕಾರ್ನ್ ಅಂದರು. ಬರುಬರುತ್ತಾ ಬರೀ ಕಾರ್ನ್ ಆಯಿತು. ಅದೇ ಬೆಳೆ ಕಡಲು ದಾಟಿ ನಮ್ಮಲ್ಲಿಗೆ ಬಂದಾಗ ನಮ್ಮವರೂ ಹೀಗೇ ಮಾಡಿದರು. ಗೊತ್ತಿದ್ದ ಜೋಳದ ಹಿಂದೆ ಒಂದೊಂದು ಮಾತು ಸೇರಿಸಿ ಮೆಕ್ಕೆಜೋಳ, ಗೋವಿನಜೋಳ, ಮುಸುಕಿನಜೋಳ ಅಂದರು. ಹಾಗಾಗಿ ನಿನ್ನ ಕಥೆಯ ಇಂಗ್ಲಿಷ್ ಹೆಂಗಸು ಮೊದಲ ದಿನವೇ 'ಮೆಕ್ಕೆಜೋಳ' ಅನ್ನುವುದು ಬೇಡ. ಟಿಸ್ಕ್ವಾಂಟಮ್ ಬೀಜದ ಜೊತೆ ಮೀನು ಹೂತು ತೋರಿಸುವಾಗ ಅವಳು ತೆನೆ ಕೈಲಿ ಹಿಡಿದು, ಸಿಪ್ಪೆ ಬಿಡಿಸಿ, 'ಇದೆಂಥಾ ಜೋಳ!' ಅನ್ನಲಿ. ಅಷ್ಟು ಸಾಕು.

ಇಂಗ್ಲೆಂಡಿನಿಂದ ಅಲ್ಲಿಗೆ ಬಂದ ಪಾದ್ರಿ ರೋಜರ್ ವಿಲಿಯಮ್ಸ್ ಬಗ್ಗೆ ಕೇಳಿದ್ದೆಯಲ್ಲ, ಅವನು ನನಗೆ ತುಂಬಾ ಇಷ್ಟದವನು. ನ್ಯಾರಗ್ಯಾನ್ಸೆಟ್ ಅನ್ನುವ ಮೂಲನಿವಾಸಿ ಜನರ ಜೊತೆ ಕೂತು, ಉಂಡು, ಮಲಗಿ ಅವರ ಮಾತು ಕಲಿತ. 1643ರಲ್ಲಿ ಲಂಡನ್ನಿಗೆ ಹೋಗುವ ಹಡಗಿನಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ. ಅದರ ಮೊದಲ ಅಧ್ಯಾಯವೇ ಭೇಟಿಯಾದಾಗ ಆಡುವ ಮಾತು. ಇಂಗ್ಲಿಷರು ಆ ಜನರನ್ನು ಕಂಡಾಗ 'ವಾಟ್ ಚಿಯರ್, ನೇಟಪ್?' ಅನ್ನುತ್ತಿದ್ದರಂತೆ. ಮೊದಲರ್ಧ ಇಂಗ್ಲಿಷ್. ನೇಟಪ್ ಅಂದರೆ ಅವರ ಮಾತಿನಲ್ಲಿ ಗೆಳೆಯ. 'ಏನ್ ಸಮಾಚಾರ, ದೋಸ್ತ್' ಅಂದ ಹಾಗೆ. ಎರಡು ಭಾಷೆ ಒಂದೇ ಉಸಿರಲ್ಲಿ ಸೇರಿದ ಜಾಗ ಅದು. ಸ್ಕ್ವಾಷ್ ಅನ್ನುವ ತರಕಾರಿ ಹೆಸರೂ ಅವರದ್ದೇ. ಆಸ್ಕುಟಾಸ್ಕ್ವಾಷ್ ಅಂತ ಇದ್ದಿದ್ದರ ತಲೆ ಕತ್ತರಿಸಿ ಬಾಲ ಇಟ್ಟುಕೊಂಡರು.

ಪುಸ್ತಕದ ಭಾಷೆ ಎಲ್ಲರನ್ನೂ ಎಳೆಯುತ್ತದೆ, ನಿನ್ನೊಬ್ಬನನ್ನೇ ಅಲ್ಲ. ಆನ್ ಬ್ರಾಡ್‌ಸ್ಟ್ರೀಟ್ 1630ರಲ್ಲಿ ಮ್ಯಾಸಚೂಸೆಟ್ಸ್‌ಗೆ ಬಂದ ಕವಿ. ಒಂದು ಪದ್ಯದಲ್ಲಿ ತಲೆಯ ಮೇಲಿನ ಕೊಂಬೆಯಲ್ಲಿ ನೈಟಿಂಗೇಲ್ ಹಾಡಿತು ಅನ್ನುತ್ತಾಳೆ. ಆ ಹಕ್ಕಿ ಅಮೆರಿಕದ ಕಾಡಿನಲ್ಲಿ ಇಲ್ಲವೇ ಇಲ್ಲ. ಅದೇ ಆನ್, 1666ರಲ್ಲಿ ಮನೆ ಸುಟ್ಟುಹೋದ ಮೇಲೆ ಬರೆದ ಪದ್ಯದಲ್ಲಿ, ಇಲ್ಲಿ ಪೆಟ್ಟಿಗೆ ಇತ್ತು, ಅಲ್ಲಿ ಸಂದೂಕ ಇತ್ತು, ಈ ಮೇಜಿನಲ್ಲಿ ಇನ್ನು ಯಾರೂ ಉಣ್ಣುವುದಿಲ್ಲ ಅನ್ನುತ್ತಾಳೆ. ನಾನು ಅದನ್ನು ಓದಿದಾಗಲೆಲ್ಲ ಕಣ್ಣು ತುಂಬಿಕೊಳ್ಳುತ್ತದೆ.

ಕಥೆ ಪೂರ್ತಿ ತಿದ್ದಲು ಅವಸರ ಬೇಡ. ಸಮೋಸೆಟ್ ಬಂದು ಬಿಯರ್ ಕೇಳುವ ಒಂದು ಪುಟ ಮಾತ್ರ ಬರೆದು ಕಳಿಸು. ಬರೆದ ಮೇಲೆ ಜೋರಾಗಿ ಓದಿ ನೋಡು. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ, ಫೋನ್ ಮಾಡು.

ನಿನ್ನ
ಅಕ್ಕ