ಅಂಗೈಯಲ್ಲಿ ಮೂಡಿದ ನಕ್ಷತ್ರ

ಚಿ. ಸೌ. ಸುಮಾಗೆ ದೊಡ್ಡಮ್ಮನ ಆಶೀರ್ವಾದಗಳು.

ಆರನೇ ತರಗತಿಯ ಮಕ್ಕಳಿಗೆ ಲೋಯಿಸ್ ಲೌರಿಯ ‘ನಂಬರ್ ದ ಸ್ಟಾರ್ಸ್’ ಕಾದಂಬರಿ ಓದಿಸುತ್ತೀ ಎಂದು ತಿಳಿದು ಬಹಳ ಸಂತೋಷವಾಯಿತು. ಎರಡನೇ ಮಹಾಯುದ್ಧದ ಇತಿಹಾಸವನ್ನೆಲ್ಲ ಮೊದಲೇ ಹೇಳಿಬಿಡಬೇಡ ಮಗಳೇ. 1943ರ ಡೆನ್ಮಾರ್ಕಿನ ಕೋಪನ್‌ಹೇಗನ್, ಊರ ತುಂಬ ಜರ್ಮನ್ ಸೈನಿಕರು, ಹತ್ತು ವರ್ಷದ ಆನ್‌ಮರಿ ಮತ್ತು ಅವಳ ಯಹೂದಿ ಗೆಳತಿ ಎಲೆನ್. ಶುರುವಿಗೆ ಇಷ್ಟು ಸಾಕು.

ಇರುವುದು 17 ಅಧ್ಯಾಯ, ನಾಲ್ಕು ದಿನಕ್ಕೆ ಹಂಚಿಕೋ. ಮೊದಲ ದಿನ ಐದನೆಯದರ ಕೊನೆಗೇ ನಿಲ್ಲಿಸು. ರಾತ್ರಿ ಸೈನಿಕರು ಮನೆ ಹೊಕ್ಕಾಗ ಆನ್‌ಮರಿ ಗೆಳತಿಯ ಕೊರಳ ಸರ ಕಿತ್ತು ಮುಷ್ಟಿಯಲ್ಲಿ ಅದುಮಿಕೊಳ್ಳುತ್ತಾಳೆ. ಅವರು ಹೋದಮೇಲೆ ನೋಡಿದರೆ ಅಂಗೈಯಲ್ಲಿ ಸರದಲ್ಲಿದ್ದ, ಯಹೂದಿಗಳ ಗುರುತಾದ ದಾವೀದನ ನಕ್ಷತ್ರದ ಅಚ್ಚು. ಆ ಭಾಗವನ್ನು ನೀನೇ ಓದಿ, ಸುಮ್ಮನಿರು. ಪ್ರಶ್ನೆ ಮಕ್ಕಳಿಂದ ಬರಲಿ.

ಹಳದಿ ನಕ್ಷತ್ರ ಹೊಲಿದ ಬಟ್ಟೆಯ ಚಿತ್ರವನ್ನು ಕೆಲವರು ನೋಡಿರುತ್ತಾರೆ, ಇಲ್ಲೂ ಅದೇ ಅಂದುಕೊಳ್ಳುತ್ತಾರೆ. ಯಹೂದಿಗಳು ಆ ನಕ್ಷತ್ರ ಧರಿಸಬೇಕೆಂಬ ನಾಜಿ ಆಜ್ಞೆ ಡೆನ್ಮಾರ್ಕಿನಲ್ಲಿ ಜಾರಿಯಾಗಲೇ ಇಲ್ಲ. ರಾಜ ಹತ್ತನೇ ಕ್ರಿಶ್ಚಿಯನ್ ತಾನೂ ನಕ್ಷತ್ರ ಧರಿಸಿದನೆಂಬುದು ಕಟ್ಟುಕತೆ.

ಹತ್ತನೇ ಅಧ್ಯಾಯದಲ್ಲಿ ಒಂದು ಸುಳ್ಳು ಶವಸಂಸ್ಕಾರ ಬರುತ್ತದೆ. ಆನ್‌ಮರಿಯ ತಾಯಿ, ಸತ್ತವಳಿಗೆ ಟೈಫಸ್ ಎಂಬ ಅಂಟುಜ್ವರ ಇತ್ತೆಂದು ಸೈನಿಕರಿಗೆ ಹೇಳಿ ಶವಪೆಟ್ಟಿಗೆ ತೆರೆಯದಂತೆ ತಡೆಯುತ್ತಾಳೆ. ಒಳಗಿರುವುದು ಬರೀ ಕಂಬಳಿ, ಬಟ್ಟೆ. “ಸುಳ್ಳು ಹೇಳಬಹುದೇ?” ಎಂದು ಕೇಳಿದರೆ ಹೌದು, ಇಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ. “ಆನ್‌ಮರಿಗೆ ಎಷ್ಟು ಗೊತ್ತಿತ್ತು? ಪೂರ್ತಿ ಗೊತ್ತಿದ್ದರೆ ಕಾಡುದಾರಿಯಲ್ಲಿ ಸೈನಿಕರು ತಡೆದಾಗ ಏನಾಗುತ್ತಿತ್ತು?” ಎಂದು ಕೇಳು. ಅವಳ ಬುಟ್ಟಿಯಲ್ಲಿದ್ದ ಕರವಸ್ತ್ರದಂಥದ್ದು ನಿಜವಾಗಿಯೂ ಇತ್ತು. ಅದಕ್ಕೆ ಒಣಗಿದ ಮೊಲದ ರಕ್ತ ಮತ್ತು ಕೊಕೇನ್ ಹಚ್ಚುತ್ತಿದ್ದರು. ರಕ್ತದ ವಾಸನೆಗೆ ಸೈನಿಕರ ನಾಯಿ ಬಂದು ಮೂಸಿದರೆ ಕೊಕೇನಿನಿಂದ ಮೂಗು ಮರಗಟ್ಟಿ, ಸ್ವೀಡನ್ನಿಗೆ ಪಾರಾಗಲು ದೋಣಿಯಲ್ಲಿ ಅಡಗಿದ ಯಹೂದಿಗಳ ಸುಳಿವು ಸಿಗುತ್ತಿರಲಿಲ್ಲ.

ಸೈನಿಕ, ಯಹೂದಿ ಎಂದು ಪಾತ್ರ ಹಂಚಿ ನಾಟಕ ಆಡಿಸಬೇಡ. ಸೈನಿಕನಾದವನು ನಗಿಸಲು ಹೋಗುತ್ತಾನೆ, ಎಲೆನ್ ಆದ ಮಗು ಎಲ್ಲರೆದುರು ಕುಗ್ಗುತ್ತದೆ.

ಅಂಕಿಗಳು ಕೊನೆಯ ದಿನಕ್ಕಿರಲಿ. ಸುಮಾರು 7,200 ಯಹೂದಿಗಳು ದೋಣಿಗಳಲ್ಲಿ ಸ್ವೀಡನ್ ಸೇರಿದರು, ಸುಮಾರು 470 ಮಂದಿ ಸೆರೆಸಿಕ್ಕು ಟೆರೇಸಿಯನ್‌ಸ್ಟಾಟ್ ಎಂಬ ನಾಜಿ ಸೆರೆಶಿಬಿರಕ್ಕೆ ಹೋದರು. ಇಷ್ಟಕ್ಕೇ ಬಿಟ್ಟರೆ ಎಲ್ಲೆಡೆಯೂ ನೆರೆಹೊರೆಯವರು ಕಾಪಾಡಿದರೆಂದೇ ಮಕ್ಕಳು ತಿಳಿಯುತ್ತಾರೆ. ಡೆನ್ಮಾರ್ಕಿನಲ್ಲಿ ಯಹೂದಿಗಳು ಕಡಿಮೆಯಿದ್ದರು, ಸ್ವೀಡನ್ ಸಮುದ್ರದಾಚೆಗೇ ಇತ್ತು, ಜರ್ಮನ್ ಅಧಿಕಾರಿ ಡುಕ್‌ವಿಟ್ಸ್ ಯಹೂದಿಗಳನ್ನು ಹಿಡಿಯಲಿದ್ದಾರೆಂದು ಮುಂಚೆಯೇ ಸುದ್ದಿ ಮುಟ್ಟಿಸಿದ್ದ. ಯುರೋಪಿನಲ್ಲಿ ನಾಜಿಗಳು ಒಟ್ಟು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಅದನ್ನು ಮುಚ್ಚಿಡದೆ ಹೇಳು. ಹೆಣಗಳ ಫೋಟೋ ಮಾತ್ರ ತೋರಿಸಬೇಡ.

ಎಲೆನ್ ವಾಪಸು ಬಂದಳೇ ಎಂದು ಖಂಡಿತ ಕೇಳುತ್ತಾರೆ. ಕಾದಂಬರಿ ಮುಗಿದಾಗ ಅವಳಿನ್ನೂ ಬಂದಿಲ್ಲ. ಬರುವವರೆಗೆ ಸರ ತಾನೇ ಧರಿಸುತ್ತೇನೆ ಎನ್ನುತ್ತಾಳೆ ಆನ್‌ಮರಿ. ನೀನಾಗಿ ಉತ್ತರ ಕಟ್ಟಿಕೊಡಬೇಡ.

ಇಂತಿ,
ನಿನ್ನ ದೊಡ್ಡಮ್ಮ