ಸುಮೋಟೊ ಅಲ್ಲ, ಸುವೊ ಮೋಟು

ಸಂಪಾದಕರೇ,

ಹೈಕೋರ್ಟು ತಾನಾಗಿಯೇ ಒಂದು ಪ್ರಕರಣವನ್ನು ಕೈಗೆತ್ತಿಕೊಂಡರೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಅದು 'ಸುಮೋಟೊ ಕೇಸ್' ಆಗುತ್ತದೆ. ಸುಮೊ ಗಾಡಿಗೆ ಸಂಬಂಧಪಟ್ಟದ್ದೇನೋ ಎನ್ನಿಸುವಷ್ಟು ಈ ಪದ ಸವೆದುಹೋಗಿದೆ. ಸರಿಯಾದ ರೂಪ 'ಸುವೊ ಮೋಟು'. ಇದು ಬರೀ ಉಚ್ಚಾರಣೆಯ ತಕರಾರಲ್ಲ, ವಿಭಕ್ತಿಯ ಪ್ರಶ್ನೆ.

ಲ್ಯಾಟಿನ್‌ಗೂ ಕನ್ನಡದ ಹಾಗೆ ಪದದ ಬಾಲದಲ್ಲೇ ಜೀವ. ಮೂಲ ಪದ 'ಮೋಟಸ್'. ಚಲನೆ, ಪ್ರೇರಣೆ ಎಂದರ್ಥ. ಅದಕ್ಕೆ ನಮ್ಮ 'ಇಂದ' ಸೇರಿದಂಥ ರೂಪ 'ಮೋಟು'. 'ಸುವೊ' ಸಂಸ್ಕೃತದ 'ಸ್ವ'ದ ದಾಯಾದಿ. ಎರಡೂ ಕೂಡಿದರೆ 'ತನ್ನ ಪ್ರೇರಣೆಯಿಂದ'. ಇದನ್ನು 'ಮೋಟೊ' ಎಂದು ತಿದ್ದುವುದು 'ರಾಮನಿಂದ' ಎನ್ನಬೇಕಾದಲ್ಲಿ 'ರಾಮನಂದ' ಎಂದ ಹಾಗೆ. ಮುಂಬೈಯ ಮಂಗಳೂರು ಕ್ಯಾಥೊಲಿಕರಿಗೆ ಇದು ಬೇಗ ಅರ್ಥವಾದೀತು: ಪೋಪರು ಸ್ವಂತ ಅಧಿಕಾರದಿಂದ ಹೊರಡಿಸುವ ಪತ್ರಕ್ಕೆ 'ಮೋಟು ಪ್ರೊಪ್ರಿಯೊ' ಎಂದೇ ಹೆಸರು. ಕನ್ನಡದಲ್ಲಿ ಮೋಟು ಎಂದರೆ ಗಿಡ್ಡ, ಹಿಂದಿಯಲ್ಲಿ ದಪ್ಪ. ಬರೆಯಲು ಸಂಕೋಚವಾಗುವುದು ಸಹಜ. ಹಾಗಿದ್ದರೆ 'ಸ್ವಯಂಪ್ರೇರಿತ' ಎಂಬ ಚೆಂದದ ಪದ ಇದ್ದೇ ಇದೆ, ಅದನ್ನೇ ಬಳಸಲಿ.

ಕೋರ್ಟಿನ ಇನ್ನು ಕೆಲವು ಲ್ಯಾಟಿನ್ ಪದಗಳು ನಮಗೆ ನಾಮಪದಗಳಂತೆ ಕಂಡರೂ ನಿಜದಲ್ಲಿ ಕ್ರಿಯಾಪದಗಳು. 'ಮ್ಯಾಂಡಮಸ್' ಎಂದರೆ 'ಆಜ್ಞಾಪಿಸುತ್ತೇವೆ'. ಕನ್ನಡದಲ್ಲಿ 'ಏವೆ' ಇದ್ದರೆ 'ನಾವು' ಬೇಕಿಲ್ಲವಲ್ಲ, ಅಲ್ಲಿ ಆ ಕೆಲಸ 'ಮಸ್'ನದು. 'ಅಫಿಡವಿಟ್' ಎಂದರೆ 'ಆಣೆಯಿಟ್ಟು ಹೇಳಿದ್ದಾನೆ'. 'ಕೇವಿಯಟ್' ಎಂದರೆ 'ಎಚ್ಚರವಾಗಿರಲಿ'. 'ಹೇಬಿಯಸ್ ಕಾರ್ಪಸ್' ಎಂದರೆ 'ಶರೀರವನ್ನು ನೀನು ಹಾಜರಿಡತಕ್ಕದ್ದು' ಎಂಬ ಧಾಟಿಯ ಹಳೆಯ ಆಜ್ಞೆಯೊಂದರ ಮೊದಲ ತುಣುಕು.

ಕಾರ್ಪಸ್‌ಗೆ 'ಶವ' ಎಂದು ಅರ್ಥ ಬರೆಯುವವರಿದ್ದಾರೆ. ಇಂಗ್ಲಿಷಿನ 'ಕಾರ್ಪ್ಸ್' ತಂದ ಎಡವಟ್ಟು ಇದು. ಅರ್ಜಿದಾರರು ಕೇಳುವುದು ಜೀವಂತ ವ್ಯಕ್ತಿಯನ್ನು. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟು ಈ ಆದೇಶವನ್ನು ಪೊಲೀಸರಿಗಷ್ಟೇ ಅಲ್ಲ, ಯಾರನ್ನಾದರೂ ಅಕ್ರಮವಾಗಿ ಕೂಡಿಹಾಕಿಕೊಂಡ ಖಾಸಗಿ ವ್ಯಕ್ತಿಗೂ ಕೊಡಬಹುದು. ಅಂದಹಾಗೆ, ರೀಡೆವಲಪ್‌ಮೆಂಟಿಗೆ ಹೋದ, ಅಂದರೆ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಿಸುವ, ಹೌಸಿಂಗ್ ಸೊಸೈಟಿಗಳ ಮೀಟಿಂಗಿನಲ್ಲಿ ಬಿಲ್ಡರ್ ಕೊಡುವ 'ಕಾರ್ಪಸ್' ಎಷ್ಟೆಂದು ಜಗಳವಾಗುತ್ತದಲ್ಲ, ಅದೂ ಇದೇ ಪದ. ದುಡ್ಡಿನ ಒಟ್ಟು ಶರೀರ, ಅಂದರೆ ಮೂಲನಿಧಿ.

ಬಾಂಬೆ ಹೈಕೋರ್ಟಿನ ವರದಿಗಳಲ್ಲಿ ಅತಿ ಹೆಚ್ಚು ಅನರ್ಥಕ್ಕೆ ಗುರಿಯಾಗುವುದು ಮಾತ್ರ ಕಾಣದೇ ಇರುವ ಒಂದು ಲ್ಯಾಟಿನ್ ಪದ. ಇಲ್ಲಿನ ಆದೇಶಗಳಲ್ಲಿ 'ರೂಲ್' ಎಂದು ಒಂದೇ ಪದದ ಸಾಲು ಇರುತ್ತದೆ. ಅದನ್ನು 'ನಿಯಮ' ಎಂದು ಅನುವಾದಿಸಿದರೆ ತಲೆಬುಡ ತಿಳಿಯುವುದಿಲ್ಲ. ಅದರ ಪೂರ್ಣರೂಪ 'ರೂಲ್ ನೈಸೈ'. ನೈಸೈ ಎಂದರೆ 'ಹೊರತು': ಎದುರುಪಕ್ಷದವರು ಬಂದು ತಕ್ಕ ಕಾರಣ ತೋರಿಸದ ಹೊರತು ಕೋರಿದ ಆದೇಶ ಸಿಗುತ್ತದೆ ಎಂಬ ಷರತ್ತು. ರೂಲ್ ಕೊಟ್ಟರು ಎಂದರೆ ಅರ್ಜಿ ವಿಚಾರಣೆಗೆ ಅಂಗೀಕಾರವಾಯಿತು, ಅಷ್ಟೇ. ಯಾರೂ ಇನ್ನೂ ಗೆದ್ದಿಲ್ಲ. 'ರೂಲ್ ಮೇಡ್ ಅಬ್ಸೊಲ್ಯೂಟ್' ಎಂದರೆ ಆ 'ಹೊರತು' ಕಳಚಿಬಿತ್ತು, ಅರ್ಜಿದಾರ ಗೆದ್ದ. 'ಅಬ್ಸೊಲ್ಯೂಟ್' ಎಂಬುದರ ಲ್ಯಾಟಿನ್ ಮೂಲಕ್ಕೂ 'ಬಿಡಿಸಿದ್ದು' ಎಂದೇ ಅರ್ಥ. 'ರೂಲ್ ಡಿಸ್ಚಾರ್ಜ್ಡ್' ಎಂದಿದ್ದರೆ ಅರ್ಜಿ ವಜಾ. 'ನಿಯಮವನ್ನು ಸಂಪೂರ್ಣಗೊಳಿಸಿದ ನ್ಯಾಯಪೀಠ' ಎಂಬಂಥ ಸಾಲು ಬರೆದರೆ ಓದುಗರಿಗೆ ಸೋಲೋ ಗೆಲುವೋ ತಿಳಿಯುವುದಾದರೂ ಹೇಗೆ?

ಕೇವಿಯಟ್ ವಿಷಯದಲ್ಲಿ ಆಗುವ ತಪ್ಪು ಓದುಗರ ಜೇಬಿಗೇ ಕುತ್ತು. 'ಕೇವಿಯಟ್ ಹಾಕಿ ತಡೆ ತಂದರು' ಎಂದು ಬರೆಯುತ್ತಾರೆ. ಕೇವಿಯಟ್ ತಡೆಯಾಜ್ಞೆಯಲ್ಲ. 'ನನ್ನ ಮಾತು ಕೇಳದೆ ಆದೇಶ ಕೊಡಬೇಡಿ' ಎಂದು ಕೋರ್ಟಿಗೆ ಮೊದಲೇ ಹೇಳಿಡುವ ಮುನ್ನೆಚ್ಚರಿಕೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಪ್ರಕಾರ, ಯಾರು ಅರ್ಜಿ ಹಾಕಬಹುದೆಂಬ ನಿರೀಕ್ಷೆ ಇದೆಯೋ ಅವರಿಗೆ ಅದರ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಹಾಕಿದ ದಿನದಿಂದ 90 ದಿನ ಮಾತ್ರ ಅದಕ್ಕೆ ಆಯಸ್ಸು. 91ನೇ ದಿನ ಎದುರಿನವರು ಅರ್ಜಿ ಹಾಕಿದರೆ ಹಳೆಯ ಕೇವಿಯಟ್ ಕಾಪಾಡುವುದಿಲ್ಲ, ಹೊಸದಾಗಿ ಹಾಕಿಕೊಂಡಿರಬೇಕು.

ಕೇವಿಯಟ್ ಇಲ್ಲದಾಗ ಬರಬಹುದಾದದ್ದು 'ಎಕ್ಸ್ ಪಾರ್ಟೆ' ಆದೇಶ. 'ಒಂದು ಪಕ್ಷದ ಕಡೆಯಿಂದ' ಎಂಬುದು ಪದಾರ್ಥ. 'ಏಕಪಕ್ಷೀಯ' ಸರಿಯಾಗಿಯೇ ಇದೆ. ಆದರೆ ಅದನ್ನು 'ಪಕ್ಷಪಾತದ ಆದೇಶ' ಎಂಬ ಧ್ವನಿಯಲ್ಲಿ ಬಳಸಬಾರದು. ಪ್ರತಿವಾದಿ ಬಾರದಿದ್ದಾಗ ಆದ ಎಕ್ಸ್ ಪಾರ್ಟೆ ಡಿಕ್ರಿಯನ್ನು, ಅಂದರೆ ದಾವೆಯ ತೀರ್ಪಿನ ಆದೇಶವನ್ನು, ರದ್ದುಮಾಡಲು ಅದೇ ಸಂಹಿತೆಯ 9ನೇ ಆದೇಶದ 13ನೇ ನಿಯಮದಡಿ ಕೋರಬಹುದು. ಡಿಕ್ರಿಯ ದಿನದಿಂದ 30 ದಿನದೊಳಗೆ; ಸಮನ್ಸ್ ಸರಿಯಾಗಿ ತಲುಪಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಕೆ.

'ಅಮಿಕಸ್ ಕ್ಯೂರಿ'ಯಲ್ಲಿ ಎರಡನೆಯ ಪದ ಷಷ್ಠಿ: 'ನ್ಯಾಯಾಲಯದ' ಮಿತ್ರ. ಆತ ಯಾವ ಕಕ್ಷಿಯ ವಕೀಲನೂ ಅಲ್ಲ. 'ಇಬ್ಬರು ಕ್ಯೂರಿಗಳು' ಎಂದು ಮೊಟಕು ಮಾಡಿದರೆ ಮಿತ್ರ ಮಾಯವಾಗಿ 'ನ್ಯಾಯಾಲಯದಗಳು' ಉಳಿಯುತ್ತದೆ. 'ಅಲಿಬಿ' ಎಂದರೆ ನೆಪವಲ್ಲ, 'ಬೇರೆಡೆ'. ಘಟನೆಯ ಹೊತ್ತಿಗೆ ಆರೋಪಿ ಅಲ್ಲಿರಲಿಲ್ಲ ಎಂಬ ವಾದ. 'ಸೈನಿ ಡೈ'ಯಲ್ಲಿ ಯಾರೂ ಸಾಯುವುದಿಲ್ಲ, 'ದಿನವಿಲ್ಲದೆ' ಎಂದರ್ಥ. ಅದಕ್ಕೆ 'ಅನಿರ್ದಿಷ್ಟಾವಧಿಗೆ ಮುಂದೂಡಿಕೆ' ಎಂದು ಬರೆಯುತ್ತ ಬಂದವರಿಗೆ ಮೆಚ್ಚುಗೆ ಸಲ್ಲಬೇಕು.

ರೋಮಿನವರ ಉಚ್ಚಾರಣೆಯೇ ಬೇಕೆಂಬ ಹಟ ಇಲ್ಲ. ಮುಂಬೈ ಫೋರ್ಟಿನ ವಕೀಲರ ಬಾಯಲ್ಲಿರುವ ಇಂಗ್ಲಿಷ್ ಧಾಟಿಯೇ ಸಾಕು. ಪದದ ಕೊನೆಯ ಸ್ವರ ಮಾತ್ರ ಬದಲಾಗದಿರಲಿ. ವರದಿಯಲ್ಲಿ 'ರೂಲ್' ಕಂಡಾಗಲೆಲ್ಲ ಪಕ್ಕದಲ್ಲಿ 'ಅರ್ಜಿ ಅಂಗೀಕಾರ', 'ಅರ್ಜಿ ಪುರಸ್ಕಾರ' ಅಥವಾ 'ಅರ್ಜಿ ವಜಾ' ಎಂಬ ಎರಡು ಪದ ಸೇರಿಸಲು ನಿಮ್ಮ ಡೆಸ್ಕಿನವರಿಗೆ ತಿಳಿಸಬೇಕೆಂದು ಕೋರಿಕೆ.

— ಓದುಗ, ಡೊಂಬಿವಲಿ